ಹಳೇ ಗಾಡಿ ಇಡೋದೋ ಬಿಡೋದೋ, ಇಂಜಿನ್ ಬಿಚ್ಚೋಕಿಂತ ಮೊದ್ಲ ಮಾತಾಡ್ಕೋರಿ

ಗಂಗಾವತಿಯೊಳಗ ಟೂವೀಲರ್ ಗ್ಯಾರೇಜ್ ನಡಸ್ತೀನಿ. ನನ್ನ ಹತ್ರ ಬರೋರ ಪೈಕಿ ಬಾಳ ಮಂದಿ ಕೇಳೋದು ಒಂದ ಪ್ರಶ್ನೆ, "ಅಣ್ಣಾ, ಇದನ್ನ ರಿಪೇರಿ ಮಾಡ್ಸಿ ಇಟ್ಕೊಳ್ಳೋದೋ, ಕೊಟ್ಟು ಹೊಸಾದು ತಗೊಳ್ಳೋದೋ?" ಗಾಡಿ ಸ್ಟ್ಯಾಂಡಿಗೆ ಹಾಕೋದ್ರೊಳಗ ಇದಕ್ಕ ಉತ್ತರ ಹೇಳೋ ಮೇಸ್ತ್ರಿ ಗಾಡಿ ನೋಡಿಲ್ಲ ಅಂತ ತಿಳ್ಕೋರಿ.

ನಾನು ಕೆಲಸ ಕಲ್ತಿದ್ದು ಹೊಸಪೇಟೆಯ ಒಬ್ರು ಉಸ್ತಾದ್ ಹತ್ರ. ಅವರ ಗ್ಯಾರೇಜಿನಾಗ ಒಂದು ಕಟ್ಟುನಿಟ್ಟಿತ್ತು, ಹದಿನೈದು ಇಪ್ಪತ್ತು ವರ್ಷದ ಗಾಡಿ ಬಂದ್ರ ಇಡೋದೋ ಬಿಡೋದೋ ಅನ್ನೋ ಮಾತು ಮುಗಿಯೋತನಕ ಇಂಜಿನ್ ಬೋಲ್ಟಿಗೆ ಪಾನಾ ಹಚ್ಚಂಗಿಲ್ಲ. ಯಾಕಂದ್ರ ಇಂಜಿನ್ ಬಿಚ್ಚಿ ಟ್ರೇದಾಗ ಹಾಕಿದ ಮ್ಯಾಲೆ ಗಿರಾಕಿ ಕೈಯಾಗ ತೀರ್ಮಾನ ಉಳಿಯಂಗಿಲ್ಲ, "ಇಷ್ಟು ಆಗೇತಲ್ಲ ಇದನ್ನೂ ಹಾಕಿಬಿಡು, ಅದನ್ನೂ ಹಾಕಿಬಿಡು" ಅಂತ ಮೂರು ಸಾವಿರಕ್ಕ ಅಂತ ಬಂದಿದ್ದು ಹನ್ನೊಂದು ಸಾವಿರಕ್ಕ ಹೋಗಿ ನಿಲ್ತೈತಿ, ಮುಂದ ಆ ಮನುಷ್ಯಾ ಗಾಡಿ ಇಟ್ಕೊಂಡಿರೋದು ರೊಕ್ಕ ಹಾಕೀನಿ ಅನ್ನೋ ಕಾರಣಕ್ಕ ಅಷ್ಟ. ಆ ಕಟ್ಟುನಿಟ್ಟು ನಾನೂ ಇಟ್ಕೊಂಡೀನಿ, ನನ್ನ ಹುಡುಗರಿಗೂ ಅದನ್ನ ಕಲಸೀನಿ.

ಮಂದಿ ಎಲ್ಲಾ ಇಂಜಿನ್ ಬಗ್ಗೆ ಚಿಂತಿ ಮಾಡ್ತಾರ, ನಾನು ಮೊದ್ಲು ನೋಡೋದು ಚೆಸ್ಸಿ, ಅಂದ್ರ ಇಡೀ ಗಾಡಿ ಹೊತ್ತಿರೋ ಕಬ್ಬಿಣದ ಚೌಕಟ್ಟು. ಇಂಜಿನ್ನಿನಾಗ ಸವೆಯೋ ಸಾಮಾನೆಲ್ಲ ಅಂಗಡಿಯಾಗ ಸಿಗ್ತಾವ, ಕೊಳತ ಚೆಸ್ಸಿಗೆ ವೆಲ್ಡಿಂಗ್ ಮಾಡ್ಸಿ ಮಕ್ಕಳನ್ನ ಕುಂದ್ರಿಸಿಕೊಂಡು ಹೋಗೋದು ನನಗ ಒಪ್ಪಿಗಿಲ್ಲ. ಸೀಟು ತೆಗದು ಹಿಂದಿನ ಶಾಕಬ್ಸರ್ ಕಟ್ಟೋ ಜಾಗ, ಬ್ಯಾಟರಿ ಡಬ್ಬಿ ಕೆಳಗ, ಹಿಂದಿನ ಗಾಲಿ ಹಿಡಿಯೋ ಸ್ವಿಂಗಾರ್ಮ್ ಬೋಲ್ಟ್ ಸುತ್ತ, ಮುಂದ ಹ್ಯಾಂಡಲ್ ಕೂಡೋ ಕುತ್ತಿಗಿ, ಇಷ್ಟು ಜಾಗ ವೈರ್ ಬ್ರಶ್ಶಿನಿಂದ ಉಜ್ಜಿ ನೋಡ್ಬೇಕು. ಮ್ಯಾಲಿನ ತುಕ್ಕು ಉಜ್ಜಿದ್ರ ಹೋಗಿ ಬಿಳೇ ಕಬ್ಬಿಣ ಕಾಣ್ತೈತಿ, ಪದರ ಪದರ ಎದ್ದು ಬಂದ್ರ, ಸ್ಕ್ರೂಡ್ರೈವರಿಂದ ಕುಟ್ಟಿದ್ರ ಸಪ್ಪಳ ಮೆತ್ತಗ ಬಂದ್ರ, ಅಲ್ಲಿಗೆ ಆ ಗಾಡಿ ಆಯುಷ್ಯ ಮುಗದೈತಿ, ಇಂಜಿನ್ ಎಷ್ಟ ಚಲೋ ಇರ್ಲಿ.

ನಮ್ಮ ಕಡಿ ಇದು ಯಾಕ ಜಾಸ್ತಿ ಅಂದ್ರ ನೀರಾವರಿ. ಕಾರಟಗಿ, ಸಿಂಧನೂರು ಕಡೆಯ ಗಾಡಿ ಭತ್ತದ ಗದ್ದಿ ಕೆಸರಿನಾಗ ಓಡ್ತಾವ, ಹಿಂದ ಕ್ಯಾರಿಯರ್ ಮ್ಯಾಲೆ 45 ಕೆಜಿ ಯೂರಿಯಾ ಚೀಲ ಎರಡು ಇಲ್ಲಾ 75 ಕೆಜಿ ಭತ್ತದ ಚೀಲ, ಎಣ್ಣಿ ಹೊಡಿಯೋ ಪಂಪು, ಪೈಪು. ಗೊಬ್ಬರದ ಪುಡಿ ಸೀಟಿನ ಕೆಳಗ ಬಿದ್ದು ಅದರ ಮ್ಯಾಲೆ ನೀರು ಬಿದ್ರ ಅದು ಕಬ್ಬಿಣ ತಿಂತೈತಿ, ಹೊರಗ ಪೇಂಟ್ ಥಳಥಳ ಅಂದ್ರೂ ಒಳಗ ಪೊಳ್ಳು. ಗಿಣಿಗೇರಿ ಫ್ಯಾಕ್ಟರಿ ಕಡೆಯ ಗಾಡಿಗೆ ಚೆಸ್ಸಿ ಗಟ್ಟಿ ಇರ್ತೈತಿ, ಅಲ್ಲಿ ಕರೀ ಧೂಳು ಏರ್ ಫಿಲ್ಟರ್ ದಾಟಿ ಒಳಗ ಹೋಗಿ ಪಿಸ್ಟನ್ನಿನ ರಿಂಗು, ಪಿಸ್ಟನ್ ಓಡಾಡೋ ಬೋರು ತಿಂದಿರ್ತೈತಿ. ಸಂಡೂರು, ತೋರಣಗಲ್ ಕಡೆಯ ಅದಿರಿನ ಕೆಂಪು ಧೂಳಿಂದೂ ಅದ ಕಥಿ. ಕುಷ್ಟಗಿ, ಕನಕಗಿರಿ ಒಣಬೇಸಾಯದ ಕಡೆಯ ಗಾಡಿ ನೋಡಾಕ ಬಣ್ಣ ಹೋಗಿ ಹಾಳಾದಂಗ ಕಾಣ್ತಾವ ಖರೆ, ಬಿಸಲಿಗೆ ವೈರು ರಬ್ಬರು ಸೀಟು ಹೋಗಿರ್ತಾವ, ಆದ್ರ ಚೆಸ್ಸಿ ಕೈಕೊಟ್ಟಿದ್ದು ಕಮ್ಮಿ. ಅದಕ್ಕ ಗಾಡಿ ಯಾವ ವರ್ಷದ್ದು ಅಂತ ಕೇಳೋಕಿಂತ ಮೊದ್ಲ ಯಾವ ಊರಾಗ ಓಡೈತಿ ಅಂತ ಕೇಳ್ತೀನಿ ನಾನು.

ಎರಡನೇದು ಕಾಗದ. ಸ್ವಂತ ಬಳಕಿ ಗಾಡಿಗೆ ಆರ್‌ಸಿ 15 ವರ್ಷ ನಡೀತೈತಿ, ಆಮ್ಯಾಲೆ ಐದೈದು ವರ್ಷಕ್ಕ ರಿನೀವಲ್ ಮಾಡ್ಸಬೇಕು, ಆರ್‌ಟಿಓ ಆಫೀಸಿಗೆ ಗಾಡಿ ಒಯ್ದು ತೋರಿಸ್ಬೇಕು. 2022ರ ಏಪ್ರಿಲ್‌ನಿಂದ ಬೈಕಿನ ರಿನೀವಲ್ ಫೀ 300 ಇದ್ದಿದ್ದು 1000 ಆತು, 2025ರ ಆಗಸ್ಟ್‌ನಾಗ 20 ವರ್ಷ ದಾಟಿದ ಬೈಕಿಗೆ 2000 ಮಾಡಿದ್ರು, ಅದರ ಮ್ಯಾಲೆ ಗ್ರೀನ್ ಟ್ಯಾಕ್ಸು, ತಡ ಮಾಡಿದ್ರ ದಂಡ. ಈ ರೊಕ್ಕ ಅಂಥಾ ದೊಡ್ಡದೇನಲ್ಲ, ತ್ರಾಸ ಇರೋದು ಹೆಸರಿನಾಗ. ಕೆಎ 36, 37 ಅಂದ್ರ ನಮ್ಮ ರಾಯಚೂರು, ಕೊಪ್ಪಳದ ಗಾಡಿ ಎಷ್ಟೋ ಕೈ ಬದಲಾಗಿರ್ತಾವ, ಆರ್‌ಸಿ ಮೊದಲನೇ ಮಾಲಕನ ಹೆಸರಿನಾಗ ಕುಂತಿರ್ತೈತಿ, ಆ ಮನುಷ್ಯಾ ಎಲ್ಲಿ ಅದಾನೋ ಗೊತ್ತಿಲ್ಲ. ಅಂಥಾ ಗಾಡಿಗೆ ಹತ್ತು ಸಾವಿರ ಹಾಕ್ತೀನಿ ಅಂದ್ರ ನಾನು ಮೊದ್ಲು ಹೆಸರು ಮಾಡ್ಸಿಕೊಂಡು ಬರ್ರಿ ಅಂತ ವಾಪಸ್ ಕಳಿಸ್ತೀನಿ. ತಂದಿ ತೀರಿಕೊಂಡಿದ್ರ ಮಗನ ಹೆಸರಿಗೆ ಮಾಡ್ಸಾಕ ಫಾರ್ಮ್ 31 ಐತಿ, ಡೆತ್ ಸರ್ಟಿಫಿಕೇಟು, ಮನಿಯವರ ಒಪ್ಪಿಗಿ ಬೇಕು, ಇದು ಆಗೋ ಕೆಲಸ, ಸ್ವಲ್ಪ ಓಡಾಟ ಅಷ್ಟ. ಮಾರಿದವನ ಪತ್ತೇನ ಇಲ್ಲ ಅಂದ್ರ ಆ ಗಾಡಿಗೆ ಬ್ರೇಕಿಗೆ ಬಿಟ್ಟು ಬ್ಯಾರೆ ಯಾವುದಕ್ಕೂ ರೊಕ್ಕ ಹಾಕಬ್ಯಾಡ್ರಿ, ಆಕ್ಸಿಡೆಂಟ್ ಆಗಿ ಇನ್ಶೂರೆನ್ಸಿನವರು ತಕರಾರು ತಗದ್ರ ಪರಿಹಾರ ಕಟ್ಟೋ ಹೊತ್ತಿಗೆ ಮನೀನ ಹೋಗ್ತೈತಿ.

ಈಗ ಇಂಜಿನ್ನಿಗೆ ಬರೋಣ, ಬಿಚ್ಚದ ಬಾಳಷ್ಟು ತಿಳೀತೈತಿ. ಮುಂಜಾನಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರ ಒಂದು ಸಲ ನೀಲಿ ಹೊಗಿ ಬಂದು ಆಮ್ಯಾಲೆ ನಿಂತ್ರ ಅದು ಹೆಡ್ಡಿನ ವಾಲ್ವ್ ಸೀಲು, ಸಣ್ಣ ಕೆಲಸ. ಬಿಸಿ ಆದ ಮ್ಯಾಲೂ ಎಕ್ಸಲೇಟರ್ ಕೊಟ್ಟಾಗೆಲ್ಲಾ ನೀಲಿ ಹೊಗಿ ಬರ್ತಿದ್ರ, ಪ್ಲಗ್ ತೆಗದ್ರ ಆಯಿಲ್ ಮೆತ್ತಿದ್ರ, ರಿಂಗು ಬೋರು ಹೋಗೈತಿ. ಸ್ವಿಚ್ ಆಫ್ ಮಾಡಿ ಕಿಕ್ಕರ್ ಕೈಯಿಂದ ನಿಧಾನ ಒತ್ತಿ ನೋಡ್ರಿ, ಎಲ್ಲೂ ತಡೀದ ಕೆಳಗ ಇಳದ್ರ ಕಂಪ್ರೆಶನ್ ಇಲ್ಲ. ಹೆಡ್ಡಿನ ಕಡಿಂದ ಟಕ ಟಕ ಅಂದ್ರ ಟ್ಯಾಪೆಟ್, ಸೆಟ್ ಮಾಡಿದ್ರ ಮುಗೀತು. ಎಡಗಡಿ ಜರಜರ ಅಂದ್ರ ಟೈಮಿಂಗ್ ಚೈನ್. ಕೆಳಗ ಹೊಟ್ಟಿಯೊಳಗಿಂದ ದಬ ದಬ ಅಂತ ಲೋಡ್ ಬಿದ್ದಾಗ ಜೋರಾದ್ರ ಕನೆಕ್ಟಿಂಗ್ ರಾಡ್, ಅದಕ್ಕ ಪೂರಾ ಇಂಜಿನ್ ಎರಡು ಹೋಳು ಮಾಡ್ಬೇಕು, ಕ್ರ್ಯಾಂಕ್ ಲೇತಿಗೆ ಕಳಿಸ್ಬೇಕು. ಬರೇ ಬೋರು ಪಿಸ್ಟನ್ ಆದ್ರ ನನ್ನ ಗ್ಯಾರೇಜಿನಾಗ ಸಾಮಾನು ಲೇಬರ್ ಸೇರಿ ನಾಲ್ಕೈದು ಸಾವಿರ, ರಾಡ್ ಬೇರಿಂಗ್ ಎಲ್ಲಾ ಅಂದ್ರ ಹತ್ತು ಹನ್ನೆರಡು. ಬೋರು ಎಷ್ಟನೇ ಸಲ ಅನ್ನೋದನ್ನೂ ಕೇಳ್ರಿ, ಪ್ರತಿ ಸಲ ಬೋರು ಕೊರದು ದೊಡ್ಡದು ಮಾಡ್ತಾರ, ಅದಕ್ಕ ಪಿಸ್ಟನ್ ಪಾಯಿಂಟ್ 25, 50, 75, ಒಂದು ಎಂ.ಎಂ. ಅಂತ ಓವರ್‌ಸೈಜ್ ಸಿಗ್ತಾವ, ಕೊನೀ ಸೈಜಿಗೆ ಬಂದಿದ್ರ ಮುಂದ ಹೊಸ ಬ್ಲಾಕ್ ಇಲ್ಲಾ ಸ್ಲೀವ್.

ಸಾಮಾನು ಸಿಗೋದೂ ಒಂದು ಮಾತು. ಹೀರೋ ಹೋಂಡಾ 1985ರಾಗ ಸಿಡಿ 100 ಬಿಟ್ಟಿತು, 1994ರಾಗ ಸ್ಪ್ಲೆಂಡರ್, ಎರಡಕ್ಕೂ ಅದ 97.2 ಸಿಸಿ ಇಂಜಿನ್, ಅದಕ್ಕ ಇವತ್ತಿಗೂ ಸಣ್ಣ ಊರಿನ ಅಂಗಡಿಯಾಗೂ ಅದರ ಪಿಸ್ಟನ್ ಕಿಟ್ಟು, ಕ್ಲಚ್ ಪ್ಲೇಟು ಸಿಗ್ತೈತಿ. ಬಂದ್ ಆಗಿ ಬಾಳ ವರ್ಷ ಆದ ಮಾಡೆಲ್ ಇದ್ರ ಚೆಸ್ಸಿ, ಕಾಗದ ಎರಡೂ ಸರಿ ಇದ್ರೂ ಒಂದು ಕಾರ್ಬರೇಟರ್ ಸಲುವಾಗಿ ಗಾಡಿ ತಿಂಗಳುಗಟ್ಲೆ ನಿಲ್ತೈತಿ. ದಿನಾ ದುಡ್ಯಾಕ ಹೋಗೋನಿಗೆ ಅದು ನಡೆಯಂಗಿಲ್ಲ.

ರೊಕ್ಕದ ಲೆಕ್ಕದಾಗ ಮಂದಿ ಎಡವೋದು ಇಲ್ಲಿ ನೋಡ್ರಿ. "ಗಾಡಿ ಮಾರಿದ್ರ ಹದಿನೈದು ಸಾವಿರ ಬರಂಗಿಲ್ಲ, ಅದಕ್ಕ ಹನ್ನೆರಡು ಸಾವಿರ ಹಾಕೋದಾ?" ಅಂತಾರ. ಗಾಡಿ ನೀವು ಮಾರಾಕ ಕುಂತಿಲ್ಲಲ್ಲ, ಓಡಸಾಕ ಇಟ್ಕೊಂಡೀರಿ, ಅಂದ ಮ್ಯಾಲೆ ಮಾರೋ ರೇಟ್ ಕಟ್ಕೊಂಡು ಏನ್ಮಾಡ್ತೀರಿ. ಹನ್ನೆರಡು ಸಾವಿರ ಹಾಕಿ ಮೂರು ವರ್ಷ ಓಡಿದ್ರ ತಿಂಗಳಿಗೆ ಮುನ್ನೂರ ಚಿಲ್ಲರೆ ಬಿತ್ತು. ಹೊಸ ಗಾಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳದು ರೇಟು ಕಮ್ಮಿ ಆಗೈತಿ ಖರೆ, ಆದ್ರ ರೋಡ್ ಟ್ಯಾಕ್ಸು, ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸು ಎಲ್ಲಾ ಸೇರಿಸಿ ಲಕ್ಷದ ಹತ್ರಾನ ಹೋಗ್ತೈತಿ, ಸಾಲದ ಮ್ಯಾಲೆ ತಗೊಂಡ್ರ ತಿಂಗಳಿಗೆ ಎರಡೂವರಿ ಮೂರು ಸಾವಿರ ಕಂತು. ನಮ್ಮ ರೈತರಿಗೆ ತಿಂಗಳಿಗೊಮ್ಮಿ ಪಗಾರ ಬರಂಗಿಲ್ಲ, ಭತ್ತ ಮಾರಿದಾಗ ಬರ್ತೈತಿ. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋದಾಗ ಈ ಭಾಗದ ಎಲ್ಲಾ ಮನಿಯಾಗೂ ಎದಿ ಧಸಕ್ ಅಂದಿತ್ತು, ಕಾಲುವಿಗೆ ನೀರು ಬರ್ತೈತೋ ಇಲ್ಲೋ ಅನ್ನೋ ಅನುಮಾನದಾಗ ಇರೋರಿಗೆ ತಪ್ಪಲಾರದ ಕಂತು ಅಂದ್ರ ಬಾಳ ದೊಡ್ಡ ಭಾರ. ಮೊನ್ನೆ ಕಾರಟಗಿ ಕಡಿಂದ ಒಬ್ರು ಕಾಕಾ ಬಂದಿದ್ರು, ಚೆಸ್ಸಿ ಗಟ್ಟಿ, ಆರ್‌ಸಿ ಸ್ವಂತ ಹೆಸರಿಗೆ, ದಿನಾ ಹೊಲಕ್ಕ ಹೋಗಿ ಬರೋದಷ್ಟ ಓಡಾಟ, ಹೊಗಿ ಒಂದ ತಕರಾರು. "ಕಾಕಾ, ಬೋರು ಮಾಡ್ಸಿ ಇಟ್ಕೋರಿ, ಹೊಸಾದು ಸುಗ್ಗಿ ಚಲೋ ಆದ ವರ್ಷ ರೊಕ್ಕ ಕೊಟ್ಟ ತಗೋರಿ" ಅಂದೆ.

ಅದ ವಾರದಾಗ ಫ್ಯಾಕ್ಟರಿ ನೈಟ್ ಶಿಫ್ಟಿಗೆ ಹೋಗೋ ಹುಡುಗ ಒಬ್ಬ ಬಂದಾ. ಅವನ ಗಾಡಿ ಕಾಕಾನ ಗಾಡಿಗಿಂತ ಚಲೋ ಇತ್ತು. ಆದ್ರ ಅವ ರಾತ್ರಿ ಹೈವೇದಾಗ ಲಾರಿ ನಡುವ ಹೋಗಬೇಕು, ನಡುದಾರ್ಯಾಗ ನಿಂತ್ರ ಒಂದು ದಿನದ ಪಗಾರ ಹೋತು, ಹೆಡ್‌ಲೈಟು ಮಿಣುಕು ಮಿಣುಕು, ವೈರಿಂಗ್ ಅಲ್ಲಲ್ಲಿ ಟೇಪು, ಹಿಂದಿನ ಬ್ರೇಕ್ ಹಿಡಿದ್ರ ಗಾಡಿ ಪಕ್ಕಕ್ಕ ಸರೀತಿತ್ತು. ಅವನಿಗೆ ತಿಂಗಳ ಪಗಾರ ಐತಿ, ಕಂತು ಕಟ್ಟಾಕ ಆಗ್ತೈತಿ. 2019ರ ಏಪ್ರಿಲ್‌ನಿಂದ ಸಣ್ಣ ಬೈಕಿಗೂ ಎರಡೂ ಬ್ರೇಕು ಕೂಡಿ ಹಿಡಿಯೋ ಸಿಬಿಎಸ್ ಕಡ್ಡಾಯ ಆಗೈತಿ, ರಾತ್ರಿ ಓಡಾಡೋನಿಗೆ ಅದು ಬೇಕು. "ತಮ್ಮಾ ನೀನು ಹೊಸಾದು ತಗೋ" ಅಂದೆ, ಕೆಲಸ ನನ್ನ ಗ್ಯಾರೇಜಿಗೆ ಸಿಗ್ಲಿಲ್ಲ, ಆದ್ರೂ ಅದ ಸರಿ. ಗಾಡಿ ಎರಡು ಒಂದ ಥರ ಇದ್ರೂ ಓಡಸೋರ ಬದುಕು ಬ್ಯಾರೆ.

ಇಟ್ಕೊಳ್ಳೋದು ಅಂತ ಆದ್ರ ರೊಕ್ಕ ಹಾಕೋ ಪಾಳಿ ತಪ್ಪಿಸಬ್ಯಾಡ್ರಿ. ಮೊದ್ಲು ಬ್ರೇಕ್ ಲೈನರ್, ಟೈರು, ಹ್ಯಾಂಡಲ್ ತಿರಗೋ ಬೇರಿಂಗು ಅಂದ್ರ ಕೋನ್ ಸೆಟ್ಟು, ಲೈಟು, ಆಮ್ಯಾಲೆ ಚೈನ್ ಸೆಟ್ಟು, ಕೊನೀಗೆ ಇಂಜಿನ್. ಇಂಜಿನ್ ಕೆಟ್ರ ಗಾಡಿ ನಿಲ್ತೈತಿ, ಬ್ರೇಕ್ ಕೆಟ್ರ ಗಾಡಿ ನಿಲ್ಲಂಗಿಲ್ಲ. ಟೈರಿನ ಗ್ರಿಪ್ ನೋಡಿ ಸಾಕು ಅನ್ನಬ್ಯಾಡ್ರಿ, ಪಕ್ಕದಾಗ ನಾಲ್ಕು ಅಂಕಿ ಒತ್ತಿರ್ತಾರ, ಮೊದಲಿನ ಎರಡು ವಾರ, ಆಮ್ಯಾಲಿನ ಎರಡು ವರ್ಷ, 2316 ಅಂತ ಇದ್ರ 2016ರ 23ನೇ ವಾರದ್ದು, ಅಂಥಾದ್ದು ನಮ್ಮ ಬಿಸಲಾಗ ಗ್ರಿಪ್ ಇದ್ರೂ ಕಲ್ಲಾಗಿರ್ತೈತಿ. ಈಗ ಬಂಕಿನಾಗ ಬರೋದು ಇಪ್ಪತ್ತು ಪರ್ಸೆಂಟ್ ಎಥೆನಾಲ್ ಇರೋ ಪೆಟ್ರೋಲು, ಅದು ನೀರು ಹೀರತೈತಿ, ಹಳೇ ರಬ್ಬರಿಗೆ ಆಗಿಬರಂಗಿಲ್ಲ, ಅದಕ್ಕ ಪೆಟ್ರೋಲ್ ಪೈಪು, ಕಾರ್ಬರೇಟರ್ ಓ ರಿಂಗು ಹೊಸಾವು ಹಾಕಿಸ್ರಿ, ಗಾಡಿ ತಿಂಗಳುಗಟ್ಲೆ ನಿಲ್ಲಸೋದಿದ್ರ ಕಾರ್ಬರೇಟರ್ ಖಾಲಿ ಮಾಡ್ರಿ. ಎಸ್ಟಿಮೇಟ್ ಚೀಟಿ ಮ್ಯಾಲೆ ಬರಸ್ಕೋರಿ, ಬಿಚ್ಚಿದ ಹಳೇ ಸಾಮಾನು ವಾಪಸ್ ಇಸ್ಕೋರಿ, ಕೇಳಿದ್ರ ಸಿಟ್ಟಿಗೇಳೋ ಮೇಸ್ತ್ರಿ ಹತ್ರ ಹೋಗಬ್ಯಾಡ್ರಿ.

ಬಿಡೋದು ಅಂತ ಆದ್ರ ನಂಬರ್ ಪ್ಲೇಟ್ ಸಮೇತ ಗುಜರಿಯವಗ ತೂಕಕ್ಕ ಕೊಟ್ಟು ಮರಿಬ್ಯಾಡ್ರಿ, ಬಾಳ ಮಂದಿ ಹಂಗ ಮಾಡ್ತಾರ. ಆ ಚೆಸ್ಸಿ ನಂಬರ್ ಇನ್ನೂ ನಿಮ್ಮ ಹೆಸರಿನಾಗ ಐತಿ, ನಾಳೆ ಅದನ್ನ ಯಾರೋ ಜೋಡಿಸಿ ಓಡಸಿದ್ರ ಪೊಲೀಸ್ ಬರೋದು ನಿಮ್ಮ ಮನಿಗೆ. ಗಾಡಿ ಒಡೆದು ಹಾಕಿದ ಮ್ಯಾಲೆ 14 ದಿನದೊಳಗ ಆರ್‌ಟಿಓಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ ಮೋಟಾರ್ ವಾಹನ ಕಾಯ್ದೆಯೊಳಗ ಐತಿ, ಕ್ಯಾನ್ಸಲ್ ಆಗೇತಿ ಅನ್ನೋ ಕಾಗದ ಇಸ್ಕೊಂಡು ಮನಿಯಾಗ ಇಟ್ಕೋರಿ.