ಗೇಟಿನ ತುಕ್ಕು, ಫೋರ್ತ್ ಸೇತುವೆಯ ಬಣ್ಣ

ಇಂದು ಬೆಳಿಗ್ಗೆ ಮನೆಯ ಗೇಟಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಾಗ ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆ ನೆನಪಾಯಿತು. 1890ರಲ್ಲಿ ತೆರೆದ, ಸುಮಾರು 65 ಲಕ್ಷ ರಿವೆಟ್ಟುಗಳುಳ್ಳ (ಉಕ್ಕಿನ ಹಲಗೆಗಳನ್ನು ಬೆಸೆದು ಹಿಡಿಯುವ ಮೊಳೆಗಳು) ಆ ಉಕ್ಕಿನ ಸೇತುವೆಗೆ ಬಣ್ಣ ಬಳಿಯುವುದೆಂದರೆ ಎಂದಿಗೂ ಮುಗಿಯದ ಕೆಲಸವೆಂದು ಬ್ರಿಟನ್ನಿನಲ್ಲಿ ನಾಣ್ಣುಡಿಯೇ ಇದೆ. ಆದರೆ 2002ರಿಂದ 2011ರವರೆಗೆ ನಡೆದ ದುರಸ್ತಿಯಲ್ಲಿ, ಶತಮಾನದಿಂದ ಪದರಪದರವಾಗಿ ಕೂತಿದ್ದ ಹಳೆಯ ಬಣ್ಣವನ್ನು ಬರಿಯ ಉಕ್ಕು ಕಾಣುವವರೆಗೆ ಕಿತ್ತು, ಸವೆದ ಭಾಗಗಳನ್ನು ಸರಿಪಡಿಸಿ, ಗಾಜಿನ ಚಕ್ಕೆಗಳು ಬೆರೆತ ಎಪಾಕ್ಸಿ ಎಂಬ ಗಟ್ಟಿ ರಾಳದ ಲೇಪನವನ್ನು ಕೊಟ್ಟರು; ಸಮುದ್ರದಲ್ಲಿ ತೈಲ ತೆಗೆಯುವ ವೇದಿಕೆಗಳಿಗೆ ಬಳಸುವಂಥ ಈ ಲೇಪನದಲ್ಲಿ ಚಕ್ಕೆಗಳು ಒಂದರ ಮೇಲೊಂದು ಮಲಗಿ ನೀರಿನ ದಾರಿಯನ್ನು ತಡೆಯುತ್ತವೆ. ಅದು 25 ವರ್ಷವಾದರೂ ಬಾಳುವುದೆಂಬುದು ಎಂಜಿನಿಯರುಗಳ ಅಂದಾಜು. ಪ್ರತಿ ದೀಪಾವಳಿಗೂ ತುಕ್ಕಿನ ಮೇಲೆಯೇ ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಿದ್ದ ನಾನು ಈ ಬಾರಿ ಕಬ್ಬಿಣ ಕಾಣುವವರೆಗೂ ಉಜ್ಜುತ್ತಿದ್ದೇನೆ. ಅರ್ಧ ಗೇಟು ಇನ್ನೂ ಬಾಕಿಯಿದೆ.