ಕೊಪ್ಪಳದ ರೈಲಿನಲ್ಲಿ ನರಿಬೆಂಕಿ

ಮೇ ತಿಂಗಳ ಬಳ್ಳಾರಿ ಗೊತ್ತಲ್ಲ, ಬೆಳಿಗ್ಗೆ ಹತ್ತಕ್ಕೇ ರೈಲಿನ ಕಿಟಕಿ ಸರಳು ಮುಟ್ಟೋಕಾಗಲ್ಲ. ಕೊಪ್ಪಳಕ್ಕೆ, ಅಕ್ಕನ ಮನೆಗೆ ಹೊರಟಿದ್ದೆ. ಕಿವಿಯಲ್ಲಿ ಫಿನ್‌ಲ್ಯಾಂಡಿನ ಮೆಟಲ್ ಸಂಗೀತದ ಬ್ಯಾಂಡ್ ಸೊನಾಟಾ ಆರ್ಕ್ಟಿಕಾ. ಕೆಮಿ ಅನ್ನೋ ಊರಿನವರು. ಅಲ್ಲಿ ಚಳಿಗಾಲದಲ್ಲಿ ಹಿಮದಲ್ಲೇ ಕೋಟೆ ಕಟ್ಟುತ್ತಾರೆ. ನಮ್ಮ ಬಂಡೆ ಮೇಲಿನ ಕೋಟೆ ಆಗಲೇ ಕಾವಲಿಯಂತೆ ಕಾದಿತ್ತು.

ಅವರ ಮೊದಲ ಆಲ್ಬಂ ಎಕ್ಲಿಪ್ಟಿಕಾ, 1999ರದ್ದು, ನನಗೆ ಬಾಯಿಪಾಠ. 2001ರ ಸೈಲೆನ್ಸ್ ಅನ್ನು ಮಾತ್ರ ಪ್ರತಿಸಲ ಅರ್ಧಕ್ಕೇ ಬಿಟ್ಟಿದ್ದೆ. ಇವತ್ತು ಎರಡನ್ನೂ ಪೂರ್ತಿ ಕೇಳಲೇಬೇಕು ಅಂತ ಹಟ.

ಎಕ್ಲಿಪ್ಟಿಕಾ ಓಡಿದ ಓಟಕ್ಕೆ ನಮ್ಮ ಪ್ಯಾಸೆಂಜರ್ ಎತ್ತಿನ ಗಾಡಿ ಅನ್ನಿಸಿತು. 'ಫುಲ್ ಮೂನ್' ಬಂದಾಗ ನಾನು ಸಣ್ಣಗೆ ಗುನುಗಿದೆನೇನೋ, ಎದುರಿನ ಅಜ್ಜಿ ಮಂಡಕ್ಕಿ ಒಗ್ಗರಣೆ ತಿನ್ನೋದು ನಿಲ್ಲಿಸಿ ನೋಡಿದರು. ಇದರಲ್ಲಿ ಗಾಯಕ ಟೋನಿ ಕಾಕ್ಕೊನೇ ಕೀಬೋರ್ಡನ್ನೂ ನುಡಿಸಿದ್ದಾನೆ. ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಬಿಡುವ ಹುಡುಗರ ಅವಸರ. ತೋರಣಗಲ್ಲು ದಾಟಿ ಸ್ವಲ್ಪ ಹೊತ್ತಿಗೆ ಮುಗಿದೇ ಹೋಯಿತು.

ಸೈಲೆನ್ಸ್ ಹಾಗಲ್ಲ. ಹೆಚ್ಚುಕಮ್ಮಿ ಒಂದು ಗಂಟೆ. ಮಿಕ್ಕೊ ಹಾರ್ಕಿನ್ ಅನ್ನೋ ಕೀಬೋರ್ಡ್ ವಾದಕ ಸೇರಿಕೊಂಡಿದ್ದಾನೆ. ಗಿಟಾರಿನ ಜೊತೆ ಅವನದು ಸವಾಲ್ ಜವಾಬ್. ಮೊದಮೊದಲು ನನಗೆ ಇದೇ ಕಿರಿಕಿರಿ, ಸಕ್ಕರೆ ಜಾಸ್ತಿಯಾದ ಚಹಾ ಥರ. 'ಲ್ಯಾಂಡ್ ಆಫ್ ದಿ ಫ್ರೀ' ಇವತ್ತೂ ಹಿಡಿಸಲಿಲ್ಲ, ಬಿಡಿ.

ಹೊಸಪೇಟೆ ದಾಟಿ ತುಂಗಭದ್ರಾ ಸೇತುವೆ ಕಳೆದು ಮುನಿರಾಬಾದಿನಲ್ಲಿ ರೈಲು ನಿಂತಿತು. ಕ್ರಾಸಿಂಗ್. ಫ್ಯಾನೂ ನಿಂತಿತು. ಆಗ ಬಂತು 'ರೆವೊಂಟುಲೆಟ್'. ಮಾತೇ ಇಲ್ಲದ ಪುಟ್ಟ ತುಣುಕು. ಧ್ರುವದ ಆಕಾಶದ ಬೆಳಕಿಗೆ ಫಿನ್‌ಲ್ಯಾಂಡಿನವರು ಇಟ್ಟ ಹೆಸರು ಅದು. ಪದಕ್ಕೆ ಪದ ಹಿಡಿದರೆ ನರಿಬೆಂಕಿ. ಅದರ ಹಿಂದೆಯೇ ಮೆಲ್ಲಗೆ 'ತಲ್ಲೂಲಾ'. ಬೆವರು ಒರೆಸೋದನ್ನೂ ಮರೆತು ಕೂತಿದ್ದೆ. ಮೊದಲ ಆಲ್ಬಂನಲ್ಲೂ ನಿಧಾನದ ಹಾಡಿದೆ, ಆದರೆ ಅಲ್ಲಿ ಅದು ಓಟದ ನಡುವಿನ ದಣಿವು. ಇಲ್ಲಿ ನಿಲ್ಲಬೇಕು ಅಂತಲೇ ನಿಂತಿದ್ದಾರೆ. ಅರ್ಧಕ್ಕೇ ಬಿಡುತ್ತಿದ್ದ ನನಗೆ ಇಷ್ಟು ವರ್ಷ ಈ ಭಾಗ ಸಿಕ್ಕೇ ಇರಲಿಲ್ಲ, ನೋಡಿ.

ಕೊಪ್ಪಳ ಬಂದಾಗ ಕೊನೆಯ 'ದಿ ಪವರ್ ಆಫ್ ಒನ್' ಶುರುವಾಗಿ ಎರಡು ನಿಮಿಷ ಆಗಿತ್ತಷ್ಟೇ. ಹನ್ನೊಂದು ನಿಮಿಷಕ್ಕೂ ಉದ್ದದ ಹಾಡು. ಇಳಿದು ಬೇವಿನ ಮರದ ನೆರಳಲ್ಲಿ ಬೆಂಚು ಹಿಡಿದೆ. ಅಕ್ಕನ ಫೋನ್ ಬಂತು, ಕಟ್ ಮಾಡಿದೆ. ಮತ್ತೆ ಬಂತು.

"ಎಲ್ಲಿದ್ದೀಯೋ?"

"ರೈಲು ಲೇಟಕ್ಕಾ," ಎಂದೆ.