ಜ್ವರದ ಜೊತೆ ಕೊಟ್ಟಿಗೆಯ ಸುದ್ದಿಯನ್ನೂ ಡಾಕ್ಟರಿಗೆ ಹೇಳಿ

ಕೊಡಗಿನ ಮಳೆಗಾಲದಲ್ಲಿ ಜ್ವರ ಅಂದರೆ ಮೊದಲು ಇಲಿಜ್ವರ, ಡೆಂಗಿ ನೆನಪಾಗೋದು ಸರಿಯೇ. ಆದರೆ ವಾರ ಕಳೆದರೂ ಬಿಡದ ಜ್ವರ, ವಿಪರೀತ ತಲೆನೋವು, ಲಿವರ್ ಕಿಣ್ವಗಳು ಮೂರ್ನಾಲ್ಕು ಪಟ್ಟು ಏರಿವೆ, ಕಾಮಾಲೆ ಮಾತ್ರ ಇಲ್ಲ, ಹೆಪಟೈಟಿಸ್ ವೈರಸ್‌ಗಳೆಲ್ಲ ನೆಗೆಟಿವ್. ಇಂಥಲ್ಲಿ ಆಡು, ಕುರಿ, ದನಗಳಿಂದ ಬರುವ ಕ್ಯೂ ಜ್ವರವನ್ನೂ ಯೋಚಿಸಬೇಕು. ತೀವ್ರ ಇಲಿಜ್ವರದಲ್ಲಿ ಸಾಮಾನ್ಯವಾಗಿ ಉಲ್ಟಾ: ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ಜೋರಾಗಿ ಏರುತ್ತೆ, ಕಿಣ್ವಗಳು ಅಷ್ಟಿಲ್ಲ.

ಕ್ಯೂ ಜ್ವರಕ್ಕೆ ಕಾರಣ ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಬ್ಯಾಕ್ಟೀರಿಯಾ. ಆಡು, ಕುರಿ, ದನ ಈದಾಗ ಬೀಳುವ ಮಾಸಿನಲ್ಲಿ ಕೋಟಿಗಟ್ಟಲೆ ಇರಬಹುದು. ಒಣಗಿದರೂ ಸಾಯದೆ, ಧೂಳಿನ ಜೊತೆ ಉಸಿರಲ್ಲಿ ಒಳಸೇರುತ್ತೆ. ಹಾಗಾಗಿ ಜ್ವರ ಶುರುವಾಗುವ ಮುಂಚಿನ ಮೂರ್ನಾಲ್ಕು ವಾರದಲ್ಲಿ ಆಡು ಈದಿತ್ತಾ, ಹಸು ಕಂದು ಹಾಕಿತ್ತಾ, ಕಾಫಿ ತೋಟಕ್ಕೆ ಒಣ ಗೊಬ್ಬರ ಹಾಕಿದ್ರಾ ಅಂತ ಕೇಳಲೇಬೇಕು. ಸ್ಕ್ಯಾನ್‌ಗಿಂತ ಮುಖ್ಯವಾದ ಪ್ರಶ್ನೆ ಇದು. ಓಪಿಡಿ ಗಡಿಬಿಡಿಯಲ್ಲಿ ಇದೇ ಬಿಟ್ಟುಹೋಗುತ್ತೆ.

ಮಾಮೂಲಿ ಬ್ಲಡ್ ಕಲ್ಚರ್‌ನಲ್ಲಿ ಇದು ಬೆಳೆಯಲ್ಲ, ಜೀವಕೋಶದ ಒಳಗೇ ಬೆಳೆಯುವಂಥದ್ದು. ಮೊದಲ ಎರಡು ವಾರದೊಳಗಾದರೆ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ, ಅದೂ ಇದರ ಆ್ಯಂಟಿಬಯೋಟಿಕ್ ಡಾಕ್ಸಿಸೈಕ್ಲಿನ್ ಶುರುವಾಗುವ ಮುಂಚೆ ತೆಗೆದ ರಕ್ತದಲ್ಲಿ. ಪ್ರತಿಕಾಯ ಪರೀಕ್ಷೆ ಮೊದಲ ವಾರ ನೆಗೆಟಿವ್ ಬಂತು ಅಂತ ಕೈಬಿಡಬೇಡಿ. 3ರಿಂದ 6 ವಾರದ ನಂತರ ಎರಡನೇ ಸ್ಯಾಂಪಲ್ ಕೊಟ್ಟು, ಫೇಸ್ 2 ಐಜಿಜಿ ಎಂಬ ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ ಖಚಿತ. ಲಿವರ್‌ನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಉದ್ದಿನವಡೆಯಂತೆ ನಡುವೆ ತೂತಿರುವ ಗ್ರಾನುಲೋಮಾ (ಉರಿಯೂತದ ಜೀವಕೋಶಗಳ ಗುಂಪು) ಕಾಣಬಹುದು, ಬೇರೆ ಕಾಯಿಲೆಗಳಲ್ಲೂ ಕಂಡೀತು.

ಗುಮಾನಿ ಬಲವಾಗಿದ್ದರೆ ವರದಿಗೆ ಕಾಯುವುದಿಲ್ಲ: ವಯಸ್ಕರಿಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ, ದಿನಕ್ಕೆರಡು ಸಲ, 14 ದಿನ. ಬಸುರಿಯರಿಗೆ ಬೇರೆ ಔಷಧಿ. ಹೃದಯದ ಕವಾಟದ ತೊಂದರೆ ಇರುವವರು ಅದನ್ನು ಮೊದಲೇ ಹೇಳಿಬಿಡಿ, ಸೋಂಕು ಅಲ್ಲಿ ಕೂತರೆ ಚಿಕಿತ್ಸೆ ತಿಂಗಳುಗಟ್ಟಲೆ.